ಇಪ್ಪತ್ತೊಂಬತ್ತು ವರ್ಷ ತಲೆಮರೆಸಿಕೊಂಡಿದ್ದ ಮಾವ ಈಗ ನಮ್ಮ ಮನೆಯಲ್ಲಿದ್ದಾರೆ

ಪ್ರಶ್ನೆ: ನನ್ನ ತಾಯಿಯ ತವರು ಶಿರಸಿಯ ಹತ್ತಿರದ ಒಂದು ಹಳ್ಳಿ. 1996ರ ಮಾರ್ಚ್‌ನಲ್ಲಿ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವ ವಿಷಯಕ್ಕೆ ಪಕ್ಕದ ತೋಟದವರೊಂದಿಗೆ ಜಗಳವಾಗಿ, ಅವರ ಮನೆಯ ಯಜಮಾನರಿಗೆ ಕತ್ತಿಯ ಏಟು ಬಿದ್ದು, ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲಿ ಅವರು ತೀರಿಕೊಂಡರು. ನನ್ನ ಇಬ್ಬರು ಸೋದರಮಾವಂದಿರ ಮೇಲೆ ಕೊಲೆ ಕೇಸಾಯಿತು. ಕಿರಿಯ ಮಾವ ಅದೇ ರಾತ್ರಿ ದೇವಿಮನೆ ಘಟ್ಟ ಇಳಿದು ಲಾರಿಯಲ್ಲಿ ಗೋವಾಕ್ಕೆ ಹೋದವರು ತಿರುಗಿ ಬರಲಿಲ್ಲ. ಹಿರಿಯ ಮಾವ ಹದಿನಾಲ್ಕು ತಿಂಗಳು ಕಾರವಾರದ ಜೈಲಿನಲ್ಲಿದ್ದರು. 2001ರಲ್ಲಿ ಅವರ ಖುಲಾಸೆಯಾಯಿತು. ಈಗ ಅವರೂ ಇಲ್ಲ. ಕಿರಿಯ ಮಾವ ಗೋವಾದಲ್ಲಿ ಬೇರೆ ಹೆಸರಿನಲ್ಲಿ ಹೋಟೆಲಿನ ಅಡುಗೆ ಕೆಲಸ ಮಾಡಿಕೊಂಡು, ಅಲ್ಲಿಯೇ ಮದುವೆಯಾಗಿ, ಕಾಲೇಜಿಗೆ ಹೋಗುವ ಮಗಳ ತಂದೆಯಾಗಿದ್ದಾರೆ. ಮಗಳಿಗೆ ಏನೂ ಗೊತ್ತಿಲ್ಲ. ನನ್ನ ತಾಯಿ ತೀರಿಕೊಂಡ ಸುದ್ದಿ ತಿಳಿದು ಬಂದವರು ಮೂರು ವಾರದಿಂದ ಕುಮಟಾದ ನಮ್ಮ ಮನೆಯಲ್ಲಿದ್ದಾರೆ. ಜಗಳದ ದಿನ ಅವರಿಗೆ ಹದಿನೆಂಟು ತುಂಬಿತ್ತೋ ಇಲ್ಲವೋ ಎಂದು ಅಮ್ಮ ಹೇಳುತ್ತಿದ್ದಳು. ಇಷ್ಟು ವರ್ಷದ ಮೇಲೆ ಕೇಸು ಉಳಿದಿರುತ್ತದೆಯೇ? ಊರು, ಹೆಸರು, ಒಡಹುಟ್ಟಿದವರು ಎಲ್ಲವನ್ನೂ ಕಳೆದುಕೊಂಡದ್ದೇ ಶಿಕ್ಷೆಯಾಯಿತು ಎಂದು ಅವರು ಹೇಳುತ್ತಾರೆ. ಅವರು ಈಗ ನ್ಯಾಯಾಲಯಕ್ಕೆ ಹೋಗಲೇಬೇಕೆ? ಸತ್ತವರ ಮಗ ಕುಮಟಾದಲ್ಲಿ ದಿನಸಿ ಅಂಗಡಿ ಇಟ್ಟಿದ್ದಾರೆ. ನಾನು ಅಕ್ಕಿ ಕೊಳ್ಳುವುದು ಅಲ್ಲಿಯೇ. ಆ ಅಂಗಡಿಗೆ ಹೋಗುವುದನ್ನು ನಾನು ಬಿಡಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ಹೆಚ್ಚಿನ ಪ್ರಶ್ನೆಗಳು ಕಾನೂನಿಗೆ ಸಂಬಂಧಿಸಿದವು, ಅವುಗಳಿಗೆ ಉತ್ತರ ಸ್ಪಷ್ಟವಾಗಿದೆ. ಆದರೆ ಕೊನೆಯ ಎರಡು ಸಾಲುಗಳನ್ನು ಓದಿದಾಗ, ಕಾನೂನು ಏನು ಹೇಳುತ್ತದೆ ಎಂಬುದಕ್ಕಿಂತ, ನಿಮ್ಮ ಮನೆಯ ಜಗಲಿಯಲ್ಲಿ ಕುಳಿತವರಿಗೂ ಆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರಿಗೂ ನಡುವೆ ನೀವು ಹೇಗೆ ಬದುಕಬೇಕು ಎಂಬುದೇ ನಿಮ್ಮನ್ನು ಕಾಡುತ್ತಿದೆ ಎಂದು ನನಗೆ ಅನ್ನಿಸಿತು. ಮೂವತ್ತು ವರ್ಷಗಳಿಂದ ಈ ಜಿಲ್ಲೆಯ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ಪ್ರಕರಣಗಳನ್ನೇ ನಡೆಸಿಕೊಂಡು ಬಂದವನಾಗಿ ಎರಡಕ್ಕೂ ಉತ್ತರ ಹೇಳುತ್ತೇನೆ. ಎರಡನೆಯದರಲ್ಲಿ ನನ್ನ ಅಭಿಪ್ರಾಯವೂ ಸೇರಿರುತ್ತದೆ. ಅದನ್ನು ಅಭಿಪ್ರಾಯವೆಂದೇ ತೆಗೆದುಕೊಳ್ಳಿ.

ಕೇಸು ಉಳಿದಿದೆ. ಇಬ್ಬರು ಆರೋಪಿಗಳಲ್ಲಿ ಒಬ್ಬರು ಸಿಗದಿದ್ದಾಗ ನ್ಯಾಯಾಲಯವು ಸಿಕ್ಕವರ ವಿಚಾರಣೆಯನ್ನು ನಿಲ್ಲಿಸಿ ಕೂರುವುದಿಲ್ಲ. ಸಿಗದವರ ಪ್ರಕರಣವನ್ನು ಬೇರ್ಪಡಿಸಿ, ಅದಕ್ಕೆ ಬೇರೆ ಸಂಖ್ಯೆ ಕೊಟ್ಟು, ವಾರಂಟು ಹೊರಡಿಸುತ್ತ ಹೋಗುತ್ತದೆ. ಕೊನೆಗೆ ಅದು ದೀರ್ಘಕಾಲ ಬಾಕಿ ಉಳಿದ ಪ್ರಕರಣಗಳ ಪಟ್ಟಿಗೆ ಸೇರುತ್ತದೆ. ನಮ್ಮ ಕೋರ್ಟು ಮತ್ತು ಪೊಲೀಸ್ ಠಾಣೆಗಳಲ್ಲಿ ಅದಕ್ಕೆ ಎಲ್‌ಪಿಸಿ ಎಂದೇ ಹೆಸರು. ಪತ್ರಿಕೆಗಳಲ್ಲಿ ಆಗಾಗ ಬರುವ ‘ಇಪ್ಪತ್ತು ವರ್ಷಗಳ ಬಳಿಕ ಆರೋಪಿ ಬಂಧನ’ ಎಂಬ ಸಣ್ಣ ಸುದ್ದಿಗಳ ಹಿಂದೆ ಈ ಪಟ್ಟಿ ಇರುತ್ತದೆ. ಪ್ರತಿ ಠಾಣೆಯಲ್ಲೂ ವಾರಂಟು ಜಾರಿಗೆಂದೇ ಸಿಬ್ಬಂದಿ ಇರುತ್ತಾರೆ, ಮತ್ತು ಓಡಿಹೋದವರು ಯಾವಾಗ ಊರಿಗೆ ಬರುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು: ಮಾರಿಕಾಂಬಾ ಜಾತ್ರೆಗೆ, ತಂಗಿಯ ಮಗಳ ಮದುವೆಗೆ, ತಾಯಿಯ ಹದಿಮೂರನೆಯ ದಿನದ ಊಟಕ್ಕೆ. ಬಾಳೆಯೆಲೆಯ ಮುಂದೆ ಕುಳಿತಲ್ಲಿಂದಲೇ ಎದ್ದು ಜೀಪು ಹತ್ತಿದ ಕಕ್ಷಿದಾರರೊಬ್ಬರ ಪ್ರಕರಣವನ್ನು ನಾನೇ ನಡೆಸಿದ್ದೇನೆ. ಆದ್ದರಿಂದ ನಿಮ್ಮ ಮಾವ ಮೂರು ವಾರದಿಂದ ಯಾರ ಕಣ್ಣಿಗೂ ಬಿದ್ದಿಲ್ಲ ಎಂದು ನೀವು ನಂಬಿದ್ದರೆ ಆ ನಂಬಿಕೆಯ ಮೇಲೆ ಹೆಚ್ಚು ಭಾರ ಹಾಕಬೇಡಿ.

ನಮ್ಮ ಕಡೆ ಮೂರು ತಪ್ಪು ಕಲ್ಪನೆಗಳು ಬೇರುಬಿಟ್ಟಿವೆ. ಹನ್ನೆರಡು ವರ್ಷ ಕಳೆದರೆ ಕೇಸು ಬಿದ್ದುಹೋಗುತ್ತದೆ ಎಂಬುದು ಮೊದಲನೆಯದು. ಹನ್ನೆರಡು ವರ್ಷದ ಲೆಕ್ಕ ಜಮೀನಿನ ಸ್ವಾಧೀನದ ದಾವೆಗೆ ಸಂಬಂಧಿಸಿದ್ದು. ಕೊಲೆಗೂ ಅದಕ್ಕೂ ಸಂಬಂಧವಿಲ್ಲ. ಕ್ರಿಮಿನಲ್ ಕಾನೂನಿನಲ್ಲಿ ಕಾಲಮಿತಿ ಇರುವುದು ಮೂರು ವರ್ಷದವರೆಗಿನ ಸಜೆಯ ಸಣ್ಣ ಅಪರಾಧಗಳಿಗೆ ಮಾತ್ರ, ಅದೂ ನ್ಯಾಯಾಲಯವು ಪ್ರಕರಣವನ್ನು ಮೊದಲ ಸಲ ಕೈಗೆತ್ತಿಕೊಳ್ಳುವ ಹಂತಕ್ಕೆ. ನಿಮ್ಮ ಮಾವಂದಿರ ಮೇಲೆ ದೋಷಾರೋಪಣಾ ಪಟ್ಟಿ ಆಗಲೇ ಸಲ್ಲಿಕೆಯಾಗಿ, ಒಬ್ಬರ ವಿಚಾರಣೆಯೇ ಮುಗಿದಿರುವುದರಿಂದ ಈ ಮಾತು ಏಳುವುದೇ ಇಲ್ಲ. ಏಳು ವರ್ಷ ಕಾಣೆಯಾದವರನ್ನು ಕಾನೂನು ಸತ್ತವರೆಂದು ತಿಳಿಯುತ್ತದೆ ಎಂಬುದು ಎರಡನೆಯದು. ಅದು ಸಾಕ್ಷ್ಯದ ಒಂದು ಊಹೆ, ಆಸ್ತಿ ಮತ್ತು ವಾರಸಿಕೆಯ ವ್ಯವಹಾರದಲ್ಲಿ ಬಳಕೆಗೆ ಬರುವಂಥದ್ದು. ಬದುಕಿರುವ ಮನುಷ್ಯ ಎದುರಿಗೆ ನಿಂತ ಕ್ಷಣ ಆ ಊಹೆ ಅಳಿದುಹೋಗುತ್ತದೆ. ವಿಚಾರಣೆ ವಿಳಂಬವಾದರೆ ಆರೋಪಿಯನ್ನು ಬಿಟ್ಟುಬಿಡಬೇಕು ಎಂಬುದು ಮೂರನೆಯದು, ಮತ್ತು ಇದರಲ್ಲಿ ಸ್ವಲ್ಪ ಸತ್ಯಾಂಶವಿದೆ. ಶೀಘ್ರ ವಿಚಾರಣೆ ಆರೋಪಿಯ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಇಷ್ಟು ವರ್ಷಕ್ಕೆ ಎಲ್ಲ ವಿಚಾರಣೆಗಳೂ ತಾವಾಗಿ ಮುಗಿಯಬೇಕೆಂಬ ಗಡುವು ಹಾಕಲಾಗದು ಎಂದು 2002ರಲ್ಲಿ, ನಮ್ಮ ರಾಜ್ಯದಿಂದಲೇ ಹೋದ ಪಿ. ರಾಮಚಂದ್ರ ರಾವ್ ಪ್ರಕರಣದಲ್ಲಿ, ಏಳು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ಓಡಿಹೋಗಿ ತಾನೇ ತಂದುಕೊಂಡ ವಿಳಂಬದ ಲಾಭವನ್ನು ಆರೋಪಿ ಕೇಳುವಂತೆಯೂ ಇಲ್ಲ.

ಇದರ ಜೊತೆಗೆ ಇನ್ನೊಂದು ಮಾತು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದ ಮೇಲೆ, ಅಂಥದೊಂದು ದಾರಿ ತಮ್ಮವರಿಗೂ ಇದೆಯೇ ಎಂದು ಕೆಲವರು ನನ್ನನ್ನು ಕೇಳಿದ್ದುಂಟು. ಅದು ಒಂದು ನಿರ್ದಿಷ್ಟ ಸರ್ಕಾರಿ ನೀತಿಯಡಿ ನಡೆದ ಶರಣಾಗತಿ, ಅವರ ಮೇಲಿನ ಪ್ರಕರಣಗಳೂ ಅದರಿಂದ ತಾವಾಗಿ ಮುಗಿದುಹೋಗಲಿಲ್ಲ. ಬೆಟ್ಟದ ಜಗಳದ ಕೊಲೆ ಪ್ರಕರಣಕ್ಕೆ ಅದು ಅನ್ವಯಿಸುವುದಿಲ್ಲ.

ಇನ್ನು ನಿಮ್ಮ ಪತ್ರದಲ್ಲಿ ನೀವು ದಾಟಿಹೋದ, ಆದರೆ ನನ್ನನ್ನು ತಡೆದು ನಿಲ್ಲಿಸಿದ ಒಂದು ಸಾಲಿಗೆ ಬರುತ್ತೇನೆ: ‘ಹದಿನೆಂಟು ತುಂಬಿತ್ತೋ ಇಲ್ಲವೋ’. ಇಡೀ ಪ್ರಕರಣ ಈ ಒಂದು ಸಾಲಿನ ಮೇಲೆ ತಿರುಗಬಹುದು. 1996ರಲ್ಲಿ ಜಾರಿಯಲ್ಲಿದ್ದ ಬಾಲನ್ಯಾಯ ಕಾಯ್ದೆಯ ಪ್ರಕಾರ ಹುಡುಗರಿಗೆ ರಕ್ಷಣೆ ಇದ್ದದ್ದು ಹದಿನಾರು ವರ್ಷದವರೆಗೆ ಮಾತ್ರ. 2000ದ ಕಾಯ್ದೆ ಅದನ್ನು ಹದಿನೆಂಟಕ್ಕೆ ಏರಿಸಿತು. ಹೊಸ ಕಾಯ್ದೆ ಜಾರಿಗೆ ಬರುವುದಕ್ಕೆ ಮೊದಲು ನಡೆದ ಅಪರಾಧಗಳಲ್ಲಿಯೂ, ಅಪರಾಧದ ದಿನ ಹದಿನೆಂಟು ತುಂಬಿರದಿದ್ದವರಿಗೆ ಅದರ ಪ್ರಯೋಜನ ಸಿಗಬೇಕು ಎಂದು 2009ರಲ್ಲಿ ಹರಿರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ವಾದವನ್ನು ಯಾವ ಹಂತದಲ್ಲಿ ಬೇಕಾದರೂ, ಎಷ್ಟು ವರ್ಷದ ಮೇಲೆ ಬೇಕಾದರೂ ಎತ್ತಬಹುದು. ಹದಿನೆಂಟು ತುಂಬಿರಲಿಲ್ಲ ಎಂದು ಸಾಬೀತಾದರೆ ಪ್ರಕರಣವು ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಆ ಕಾಯ್ದೆಯಲ್ಲಿ ವಿಶೇಷ ಗೃಹದಲ್ಲಿ ಇರಿಸುವ ಅವಧಿ ಗರಿಷ್ಠ ಮೂರು ವರ್ಷ. ನಲವತ್ತೇಳು ವರ್ಷದವರನ್ನು ಅಂಥ ಗೃಹಕ್ಕೆ ಕಳುಹಿಸಲು ಸಾಧ್ಯವಿಲ್ಲದ್ದರಿಂದ ಇಂಥ ಪ್ರಕರಣಗಳು ಸಾಮಾನ್ಯವಾಗಿ ಹೆಚ್ಚಿನ ಬಂಧನವಿಲ್ಲದೆ ಮುಗಿಯುತ್ತವೆ. ಹಾಗಾಗಿದ್ದರೆ ನಿಮ್ಮ ಮಾವ, ಮೂರು ವರ್ಷದಲ್ಲಿ ಮುಗಿಯಬಹುದಾಗಿದ್ದ ವಿಷಯದಿಂದ ಇಪ್ಪತ್ತೊಂಬತ್ತು ವರ್ಷ ಓಡಿದ್ದಾರೆ ಎಂದಾಗುತ್ತದೆ. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಆದರೆ ತಾಯಿಯ ಮಾತು ಸಾಲದು, ದಾಖಲೆ ಬೇಕು. ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರ ಅಥವಾ ಅವರು ಓದಿದ ಶಾಲೆಯ ದಾಖಲಾತಿ ಪುಸ್ತಕದ ಜನ್ಮದಿನಾಂಕ ಮೊದಲು. ಅದಿಲ್ಲದಿದ್ದರೆ ಗ್ರಾಮದ ಜನನ ದಾಖಲೆ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಹಳ್ಳಿಯ ಶಾಲೆಗಳಲ್ಲಿ ಮಾಸ್ತರರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದ ಜನ್ಮದಿನಗಳು ಎಷ್ಟೋ ಇವೆ, ನ್ಯಾಯಾಲಯಗಳಿಗೂ ಇದು ಗೊತ್ತು. ಆದರೂ ಬರೆದದ್ದಕ್ಕೇ ಬೆಲೆ. ಇರುವ ದಾಖಲೆಯ ದೃಢೀಕೃತ ಪ್ರತಿ ತೆಗೆಯಿರಿ, ಇಲ್ಲದ್ದನ್ನು ಮಾಡಿಸಲು ಯಾರಾದರೂ ಮುಂದೆ ಬಂದರೆ ಅವರನ್ನು ದೂರವಿಡಿ. ತಿದ್ದಿದ ಒಂದು ಕಾಗದ ಸಿಕ್ಕಿಬಿದ್ದರೆ ಆಮೇಲೆ ಅವರ ಯಾವ ನಿಜವನ್ನೂ ಯಾರೂ ನಂಬುವುದಿಲ್ಲ.

ಹದಿನೆಂಟು ತುಂಬಿತ್ತು ಎಂದೇ ಆದರೆ ಮುಂದಿನ ಪ್ರಶ್ನೆ ಸಾಕ್ಷ್ಯದ್ದು. ಹಿರಿಯ ಮಾವ ಖುಲಾಸೆಯಾದ ಮಾತ್ರಕ್ಕೆ ಕಿರಿಯವರೂ ಖುಲಾಸೆಯಾದಂತೆ ಅಲ್ಲ. ಪ್ರತಿಯೊಬ್ಬ ಆರೋಪಿಯ ಪ್ರಕರಣವೂ ಅವನ ವಿರುದ್ಧದ ಸಾಕ್ಷ್ಯದ ಮೇಲೆ ನಿಲ್ಲುತ್ತದೆ. ಆದ್ದರಿಂದ 2001ರ ತೀರ್ಪಿನ ಪ್ರತಿಯನ್ನು ಅಕ್ಷರ ಬಿಡದೆ ಓದಬೇಕು. ಘಟನೆಯೇ ನಂಬಲರ್ಹವಲ್ಲ, ಕಣ್ಣಾರೆ ಕಂಡೆವೆಂದವರು ಅಲ್ಲಿರಲೇ ಇಲ್ಲ ಎಂದು ನ್ಯಾಯಾಧೀಶರು ಬರೆದಿದ್ದರೆ ಅದು ಇಬ್ಬರಿಗೂ ಅನ್ವಯಿಸುವ ಮಾತು. ಕಿರಿಯ ಆರೋಪಿಯ ವಿರುದ್ಧ ಪ್ರತ್ಯೇಕವಾಗಿ ಏನೂ ಉಳಿದಿಲ್ಲದ ಅಂಥ ಕೆಲವು ಪ್ರಕರಣಗಳನ್ನು ಹೈಕೋರ್ಟ್ ರದ್ದುಪಡಿಸಿದ್ದೂ ಉಂಟು, ಅದಕ್ಕೆ ಅರ್ಜಿ ಹಾಕಬೇಕಾದದ್ದು ಧಾರವಾಡ ಪೀಠದಲ್ಲಿ. ಬದಲಿಗೆ ‘ಏಟು ಹಾಕಿದವನು ಎರಡನೆಯ ಆರೋಪಿ, ಅವನು ತಲೆಮರೆಸಿಕೊಂಡಿದ್ದಾನೆ, ಮೊದಲನೆಯ ಆರೋಪಿ ಬರಿಗೈಯಲ್ಲಿದ್ದ’ ಎಂಬ ಕಾರಣಕ್ಕೆ ಹಿರಿಯರು ಬಿಡುಗಡೆಯಾಗಿದ್ದರೆ, ಅದೇ ತೀರ್ಪು ಕಿರಿಯವರತ್ತ ಬೆರಳು ತೋರಿಸುತ್ತಿದೆ. ತೀರ್ಪನ್ನು ಯಾರೂ ನಿಮಗೆ ಓದಿ ಹೇಳಿಲ್ಲವೆಂದು ತೋರುತ್ತದೆ. ಖುಲಾಸೆ ಎಂಬ ಒಂದು ಪದ ಮನೆಗೆ ಬಂದದ್ದೇ ದೊಡ್ಡದಾಗಿ, ಕಾರಣವನ್ನು ಕೇಳಿದವರಿಲ್ಲ.

ಸಾಕ್ಷಿಗಳು ಸತ್ತಿರುತ್ತಾರಲ್ಲ ಎಂಬ ಧೈರ್ಯವೂ ಅರ್ಧ ಮಾತ್ರ ಸರಿ. 2024ರ ಜುಲೈಗೆ ಮೊದಲು ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 299ನೆಯ ಕಲಂ ಪ್ರಕಾರ, ಆರೋಪಿ ತಲೆಮರೆಸಿಕೊಂಡಿದ್ದಾನೆ, ಸದ್ಯಕ್ಕೆ ಸಿಗುವಂತಿಲ್ಲ ಎಂದು ರುಜುವಾತಾದ ಮೇಲೆ ನ್ಯಾಯಾಲಯವು ಅವನ ಗೈರುಹಾಜರಿಯಲ್ಲಿಯೇ ಅವನ ವಿರುದ್ಧದ ಸಾಕ್ಷ್ಯವನ್ನು ದಾಖಲಿಸಿಕೊಳ್ಳಬಹುದಿತ್ತು. ಮುಂದೆ ಆ ಸಾಕ್ಷಿ ಸತ್ತಿದ್ದರೆ, ಅಥವಾ ನುಡಿಯಲಾರದ ಸ್ಥಿತಿಯಲ್ಲಿದ್ದರೆ, ಅಂದಿನ ಹೇಳಿಕೆಯನ್ನೇ ಬಳಸಬಹುದು. ಆಗ ಪಾಟೀಸವಾಲು ಮಾಡುವ ಅವಕಾಶವನ್ನು ಆರೋಪಿ ತಾನೇ ಓಡಿಹೋಗಿ ಕಳೆದುಕೊಂಡಿರುತ್ತಾನೆ. ಅಂಥ ಆದೇಶ ಕಡತದಲ್ಲಿ ಇದೆಯೋ ಇಲ್ಲವೋ ಎಂಬುದನ್ನು ನಿಮ್ಮ ವಕೀಲರು ಮೊದಲ ದಿನವೇ ನೋಡಬೇಕು. ಇದಕ್ಕಿಂತ ದೊಡ್ಡ ನಷ್ಟವೊಂದಿದೆ. ಸಾಯುವವರು ಬರೀ ಎದುರು ಪಕ್ಷದ ಸಾಕ್ಷಿಗಳಲ್ಲ. ಜಗಳ ಯಾರು ತೆಗೆದರು, ಮೊದಲ ಏಟು ಯಾರದು, ಎದುರಿನವರ ಕೈಯಲ್ಲಿಯೂ ಕತ್ತಿಯಿತ್ತೇ ಎಂದು ಹೇಳಬಲ್ಲವರು ಹಿರಿಯ ಮಾವ ಒಬ್ಬರೇ ಆಗಿದ್ದರೆ, ಅವರೂ ಈಗಿಲ್ಲ. ಮುಂಚಿತ ಯೋಚನೆಯಿಲ್ಲದೆ, ಹಠಾತ್ ಜಗಳದ ಆವೇಶದಲ್ಲಿ, ಕ್ರೌರ್ಯ ತೋರದೆ ಹಾಕಿದ ಏಟಿನಿಂದ ಸಾವಾದರೆ ಅದು ಕೊಲೆಯಲ್ಲದ ನರಹತ್ಯೆಯಾಗಬಹುದು. ಕೊಲ್ಲುವ ಉದ್ದೇಶವಿಲ್ಲದೆ, ಸಾವಾಗಬಹುದೆಂಬ ಅರಿವಿನಿಂದ ಮಾತ್ರ ನಡೆದ ಕೃತ್ಯಕ್ಕೆ ಅದರಲ್ಲಿ ಗರಿಷ್ಠ ಸಜೆ ಹತ್ತು ವರ್ಷ, ಕನಿಷ್ಠ ಇಷ್ಟೆಂಬುದಿಲ್ಲ. ಕೊಲೆಯೆಂದಾದರೆ ಜೀವಾವಧಿಗಿಂತ ಕಡಿಮೆಯಿಲ್ಲ. ಘಟ್ಟದ ಮೇಲಿನ ಬೆಟ್ಟ, ನೀರು, ಬೇಲಿಯ ಜಗಳಗಳಲ್ಲಿ ಈ ಎರಡರ ನಡುವಿನ ವ್ಯತ್ಯಾಸವೇ ಮನುಷ್ಯನ ಬದುಕಾಗಿರುತ್ತದೆ, ಮತ್ತು ಅದನ್ನು ತೋರಿಸಿಕೊಡುವುದು ಆರೋಪಿಯ ಕಡೆಯ ಕೆಲಸ. ಓಡಿಹೋದದ್ದೇ ತಪ್ಪಿತಸ್ಥನೆಂಬುದಕ್ಕೆ ಸಾಕಾದ ರುಜುವಾತು ಅಲ್ಲ ಎಂದು ಸುಪ್ರೀಂ ಕೋರ್ಟ್ 1971ರಷ್ಟು ಹಿಂದೆಯೇ ಹೇಳಿದೆ. ಹೆದರಿದ ನಿರಪರಾಧಿಯೂ ಓಡುತ್ತಾನೆ. ಆದರೆ ಉಳಿದ ಸಾಕ್ಷ್ಯದ ಜೊತೆಗೆ ಅದನ್ನೂ ತೂಗುತ್ತಾರೆ.

ಈಗ ಅವರ ಮುಂದಿರುವ ದಾರಿಗಳು. ಗೋವಾಕ್ಕೆ ಮರಳಿ ಹಾಗೆಯೇ ಬದುಕುವುದು ಒಂದು. ಬೇರೆ ಹೆಸರಿನಲ್ಲಿ ಮಾಡಿಸಿದ ಗುರುತಿನ ಚೀಟಿ, ಬ್ಯಾಂಕ್ ಖಾತೆ, ಮಗಳ ಶಾಲೆಯ ದಾಖಲೆ, ಎಲ್ಲವೂ ಒಂದಕ್ಕೊಂದು ಜೋಡಿಸಿಕೊಂಡಿರುವ ಈ ಕಾಲದಲ್ಲಿ ಅದು 1996ರಷ್ಟು ಸುಲಭವಲ್ಲ. ಹಿಡಿದು ತಂದ ಆರೋಪಿಗೂ ತಾನಾಗಿ ಬಂದ ಆರೋಪಿಗೂ ಜಾಮೀನಿನ ದಿನ ಅಗಾಧ ವ್ಯತ್ಯಾಸವಿರುತ್ತದೆ ಎಂಬುದನ್ನು ಮರೆಯಬಾರದು. ಬಂಧನಕ್ಕೆ ಮೊದಲೇ ಪಡೆಯುವ ನಿರೀಕ್ಷಣಾ ಜಾಮೀನು ಇನ್ನೊಂದು ದಾರಿ. ಆದರೆ ತಲೆಮರೆಸಿಕೊಂಡವನೆಂದು ಉದ್ಘೋಷಣೆ (ಹಾಜರಾಗಬೇಕೆಂದು ನ್ಯಾಯಾಲಯ ಹೊರಡಿಸುವ ಬಹಿರಂಗ ಪ್ರಕಟಣೆ) ಆದವರಿಗೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ ಎಂದು 2012ರಿಂದ ಸುಪ್ರೀಂ ಕೋರ್ಟ್ ಹೇಳುತ್ತ ಬಂದಿದೆ. ಉದ್ಘೋಷಣೆಗೆ ಓಗೊಡದಿರುವುದು 2006ರ ಜೂನ್‌ನಿಂದ ಪ್ರತ್ಯೇಕ ಅಪರಾಧವೂ ಆಗಿದೆ. ನಿಮ್ಮ ಮಾವನ ಮೇಲಿನ ಉದ್ಘೋಷಣೆ ಅದಕ್ಕಿಂತ ಹಿಂದಿನದೇ, ಆಮೇಲಿನದೇ ಎಂಬುದೂ ಕಡತದಿಂದಲೇ ತಿಳಿಯಬೇಕು. ಹೈಕೋರ್ಟಿನ ದಾರಿಯನ್ನು ಮೇಲೆ ಹೇಳಿದೆ. ಉಳಿದದ್ದು ವಕೀಲರೊಂದಿಗೆ ವಾರಂಟು ಹೊರಡಿಸಿದ ನ್ಯಾಯಾಲಯಕ್ಕೇ ಹೋಗಿ ಶರಣಾಗುವುದು, ವಾರಂಟು ಹಿಂಪಡೆಯುವ ಅರ್ಜಿಯನ್ನೂ ಜಾಮೀನು ಅರ್ಜಿಯನ್ನೂ ಒಟ್ಟಿಗೆ ಹಾಕುವುದು. ಇದರಲ್ಲಿರುವ ಅಪಾಯವನ್ನು ಮುಚ್ಚಿಡುವುದಿಲ್ಲ: ಮೊದಲ ದಿನವೇ ಜಾಮೀನು ಸಿಗಲಾರದು, ಕೆಲವು ವಾರ ಅಥವಾ ತಿಂಗಳು ಕಾರವಾರದ ಜೈಲಿನಲ್ಲಿ ಇರಬೇಕಾಗಬಹುದು, ಒಮ್ಮೆ ಓಡಿದವರಿಗೆ ಜಾಮೀನು ಕೊಡಲು ನ್ಯಾಯಾಲಯ ಹಿಂಜರಿಯುತ್ತದೆ. ವಕೀಲರ ಶುಲ್ಕಕ್ಕೆ ದಾರಿಯಿಲ್ಲದಿದ್ದರೆ, ಬಂಧನದಲ್ಲಿರುವ ಯಾರೇ ಆಗಲಿ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕಾರವಾರದ ನ್ಯಾಯಾಲಯದ ಆವರಣದಲ್ಲಿಯೇ ಇದೆ.

ನಿಮ್ಮ ಬಗ್ಗೆಯೂ ಹೇಳಬೇಕು, ಏಕೆಂದರೆ ನೀವು ಅದನ್ನು ಕೇಳಲೇ ಇಲ್ಲ. ಅಪರಾಧಿಯೆಂದು ತಿಳಿದೂ, ಶಿಕ್ಷೆಯಿಂದ ತಪ್ಪಿಸುವ ಉದ್ದೇಶದಿಂದ ಒಬ್ಬರಿಗೆ ಆಶ್ರಯ ಕೊಡುವುದು ಅಪರಾಧ; ಮನೆಯಲ್ಲಿ ಜಾಗ ಮಾತ್ರವಲ್ಲ, ಊಟ, ಹಣ, ವಾಹನ ಕೊಡುವುದೂ ಆಶ್ರಯವೇ. ಕೊಲೆಯಂಥ ಪ್ರಕರಣದಲ್ಲಿ ಅದಕ್ಕೆ ಐದು ವರ್ಷದವರೆಗೆ ಸಜೆಯಿದೆ. ಈ ನಿಯಮದಿಂದ ವಿನಾಯಿತಿ ಇರುವುದು ಗಂಡ ಹೆಂಡತಿಗೆ ಮಾತ್ರ. ಗೋವಾದಲ್ಲಿರುವ ಅವರ ಹೆಂಡತಿಗೆ ಅದು ಇದೆ, ಸೋದರಸೊಸೆಯಾದ ನಿಮಗೆ ಇಲ್ಲ. ಅಕ್ಕನ ಸಾವಿಗೆ ಬಂದ ತಮ್ಮನಿಗೆ ಅನ್ನ ಹಾಕಿದ್ದನ್ನು ತಪ್ಪಿಸುವ ಉದ್ದೇಶ ಎಂದು ಯಾರೂ ಸುಲಭವಾಗಿ ಹೇಳಲಾರರು. ಆದರೆ ಮೂರು ವಾರ ಮೂರು ತಿಂಗಳಾದರೆ ಆ ಉತ್ತರ ತೆಳ್ಳಗಾಗುತ್ತ ಹೋಗುತ್ತದೆ. ಪೊಲೀಸರು ಬಂದು ಕೇಳಿದರೆ ಇಲ್ಲವೆಂದು ಸುಳ್ಳು ಹೇಳಬೇಡಿ, ಅದು ಬೇರೆಯದೇ ಅಪರಾಧವಾಗುತ್ತದೆ. ಅವರನ್ನು ವಕೀಲರ ಬಳಿಗೆ ಕರೆದುಕೊಂಡು ಹೋಗುವುದು ಆಶ್ರಯ ಕೊಟ್ಟದ್ದಕ್ಕೆ ತೀರ ವಿರುದ್ಧವಾದ ಕೆಲಸ. ಹಿಂದೆ ನಡೆದುಹೋದದ್ದನ್ನು ಅವರು ವಕೀಲರಿಗೆ ಹೇಳಿಕೊಂಡರೆ, ವಕೀಲರು ಅದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವಂತಿಲ್ಲ.

ಅವರು ಹೋಗಲೇಬೇಕೆ ಎಂಬುದಕ್ಕೆ ನನ್ನ ಉತ್ತರ, ಹೋಗಬೇಕು. ಎಲ್ಲವನ್ನೂ ಕಳೆದುಕೊಂಡದ್ದೇ ಶಿಕ್ಷೆಯಾಯಿತು ಎಂಬ ಅವರ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ತಾಯಿ ಸತ್ತಾಗ ಬರಲಾಗದೆ, ಅಣ್ಣ ಸತ್ತಾಗ ಬರಲಾಗದೆ, ಬಾಗಿಲು ತಟ್ಟಿದಾಗಲೆಲ್ಲ ಬೆಚ್ಚಿ, ತನ್ನ ಮಗಳಿಗೇ ತನ್ನ ಹೆಸರು ಹೇಳಲಾಗದೆ ಕಳೆದ ಇಪ್ಪತ್ತೊಂಬತ್ತು ವರ್ಷ ಸುಖದ್ದಾಗಿರಲಿಕ್ಕಿಲ್ಲ. ಆದರೆ ಅದು ಅವರೇ ತಮಗೆ ವಿಧಿಸಿಕೊಂಡದ್ದು, ಅವರೇ ಅಳೆದದ್ದು; ಸತ್ತವರ ಮನೆಯವರಿಗೆ ಅದರಲ್ಲಿ ಒಂದು ಮಾತನ್ನೂ ಕೇಳುವ ಅವಕಾಶವಿರಲಿಲ್ಲ. ಮತ್ತು ಅದರ ಒಂದು ಪಾಲನ್ನು ಬೇರೆಯವರು ಹೊತ್ತರು. ಹಿರಿಯ ಮಾವ ಹದಿನಾಲ್ಕು ತಿಂಗಳು ಒಳಗಿದ್ದದ್ದಕ್ಕೆ ಒಂದು ಕಾರಣ, ತಮ್ಮ ಸಿಕ್ಕಿಲ್ಲ, ಇವನನ್ನು ಬಿಟ್ಟರೆ ಇವನೂ ಓಡುತ್ತಾನೆ ಎಂಬ ಸರ್ಕಾರಿ ವಕೀಲರ ವಾದವೇ ಆಗಿದ್ದಿರಬಹುದು. ಇಂಥ ಪ್ರಕರಣಗಳಲ್ಲಿ ನಾನು ಆ ವಾದವನ್ನು ಮತ್ತೆ ಮತ್ತೆ ಕೇಳಿದ್ದೇನೆ.

ಅಮೆರಿಕದ ಒಂದು ಪ್ರಕರಣ ನಿಮ್ಮ ಪತ್ರ ಓದುವಾಗ ನೆನಪಾಯಿತು. ಕ್ಯಾಥರೀನ್ ಆನ್ ಪವರ್ ಎಂಬ ವಿದ್ಯಾರ್ಥಿನಿ 1970ರಲ್ಲಿ ಬಾಸ್ಟನ್ನಿನ ಬ್ಯಾಂಕ್ ದರೋಡೆಯೊಂದರಲ್ಲಿ ಕಾರು ನಡೆಸುವ ಕೆಲಸ ವಹಿಸಿಕೊಂಡಿದ್ದರು. ಆ ದರೋಡೆಯಲ್ಲಿ ಒಂಬತ್ತು ಮಕ್ಕಳ ತಂದೆಯಾದ ಪೊಲೀಸ್ ಅಧಿಕಾರಿಯೊಬ್ಬರು ಗುಂಡೇಟಿಗೆ ಸತ್ತರು. ಆಕೆ ಇಪ್ಪತ್ತಮೂರು ವರ್ಷ ಬೇರೆ ಹೆಸರಿನಲ್ಲಿ, ದೇಶದ ಇನ್ನೊಂದು ತುದಿಯಲ್ಲಿ, ಹೋಟೆಲಿನ ಅಡುಗೆ ವೃತ್ತಿಯಲ್ಲಿಯೇ ಬದುಕಿ, ಮಗನನ್ನು ಬೆಳೆಸಿ, 1993ರಲ್ಲಿ ತಾವಾಗಿ ಬಂದು ಶರಣಾದರು. ಎಂಟರಿಂದ ಹನ್ನೆರಡು ವರ್ಷದ ಸಜೆಯಾಗಿ 1999ರಲ್ಲಿ ಹೊರಬಂದರು. ಶಿಕ್ಷೆಯ ದಿನ ಸತ್ತವರ ಮಗಳು ನ್ಯಾಯಾಲಯದಲ್ಲಿ ನಿಂತು ಮಾತನಾಡಿದರು. ಅದುವರೆಗೆ ಪತ್ರಿಕೆಗಳೆಲ್ಲ ಶರಣಾದವರ ಕಥೆಯನ್ನೇ ಬರೆದಿದ್ದವು. ತಂದೆಯ ಕಥೆಯನ್ನು ಹೇಳುವುದಕ್ಕೆ ಆ ಮಗಳಿಗೆ ಸಿಕ್ಕ ಜಾಗ ಆ ನ್ಯಾಯಾಲಯ.

ನಮ್ಮಲ್ಲಿಯೇ ನಾನು ನಡೆಸಿದ ಒಂದು ಪ್ರಕರಣವಿದೆ. ಊರು ಹೇಳುವಂತಿಲ್ಲ. ಅರವತ್ತು ದಾಟಿದ ಮೇಲೆ ಶರಣಾದ ಕಕ್ಷಿದಾರರು ಅವರು. ಸತ್ತವರ ತಂಗಿ ಪ್ರತಿ ತಾರೀಖಿಗೂ ಎರಡು ಬಸ್ಸು ಬದಲಾಯಿಸಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಸಾಕ್ಷ್ಯವೆಲ್ಲ ಮುಗಿದು, ಆರೋಪಿಯನ್ನು ನ್ಯಾಯಾಧೀಶರೇ ಪ್ರಶ್ನಿಸುವ ಹಂತದಲ್ಲಿ, ನನ್ನ ಸಲಹೆಗೆ ವಿರುದ್ಧವಾಗಿ ನನ್ನ ಕಕ್ಷಿದಾರರು ‘ಏಟು ಹಾಕಿದ್ದು ನಾನೇ, ಸಾಯಿಸಬೇಕೆಂದು ಹಾಕಿದ್ದಲ್ಲ’ ಎಂದುಬಿಟ್ಟರು. ಮುಂದಿನ ತಾರೀಖಿನಿಂದ ಆ ತಂಗಿ ಬರಲಿಲ್ಲ, ತೀರ್ಪಿನ ದಿನವೂ ಬರಲಿಲ್ಲ. ಎಷ್ಟು ವರ್ಷ ಸಜೆಯಾಯಿತೆಂದು ವಿಚಾರಿಸಲೂ ಇಲ್ಲ. ಅವರು ಅಷ್ಟು ದಿನ ಬಂದದ್ದು ಆ ಒಂದು ಮಾತನ್ನು ಕೇಳಲು ಎಂದು ನ್ಯಾಯಾಲಯದ ಹೊರಗೆ ಚಹಾದಂಗಡಿಯವರು ನನಗೆ ಹೇಳಿದರು.

ನ್ಯಾಯ ಎದುರಿಸುವುದೆಂದರೆ ಜೈಲಿಗೆ ಹೋಗುವುದು ಎಂದು ನಿಮ್ಮ ಮಾವ ತಿಳಿದಂತಿದೆ. ಅದು ಮೊದಲು ಉತ್ತರ ಕೊಡುವುದು. ಜೈಲು ಆಮೇಲಿನ ಪ್ರಶ್ನೆ. ಅದರಲ್ಲಿ ನಾನು ಅವರ ಪರವಾಗಿಯೇ ವಾದಿಸಬಲ್ಲೆ. ಹದಿನೆಂಟರ ಆವೇಶಕ್ಕೆ ನಲವತ್ತೇಳರ, ಬೇರೆ ಯಾವ ತಪ್ಪನ್ನೂ ಮಾಡದ ಮನುಷ್ಯನನ್ನು ದೀರ್ಘಕಾಲ ಒಳಗಿಡುವುದರಿಂದ ಸುಧಾರಣೆ ಆಗಬೇಕಾದದ್ದು ಹೆಚ್ಚೇನೂ ಉಳಿದಿಲ್ಲ, ಮತ್ತು ಶಿಕ್ಷೆಯ ಪ್ರಮಾಣ ಕಾನೂನಿನಲ್ಲಿ ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿರುವ ಕಡೆ ಇಂಥ ಸಂಗತಿಗಳನ್ನು ಅವರು ಖಂಡಿತ ಕೇಳುತ್ತಾರೆ. ಆದರೆ ಕೇಳಿಸಿಕೊಳ್ಳುವವರ ಮುಂದೆ ಮನುಷ್ಯ ನಿಂತಿರಬೇಕು.

ಸತ್ತವರ ಕಡೆಯವರು ಮನ್ನಿಸಿದರೆ ಮುಗಿಯುವುದಿಲ್ಲವೇ ಎಂದು ನೀವು ಯೋಚಿಸಿರಬಹುದು. ಕೊಲೆ ರಾಜಿಯಾಗುವ ಅಪರಾಧವಲ್ಲ. ಎರಡೂ ಕಡೆಯವರು ಒಪ್ಪಿದರೂ ಕೊಲೆಯಂಥ ಪ್ರಕರಣವನ್ನು ಆ ಕಾರಣಕ್ಕೆ ರದ್ದುಪಡಿಸಬಾರದು ಎಂದು 2012ರ ಗ್ಯಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚಿತ್ರ ನಿರ್ದೇಶಕ ರೋಮನ್ ಪೊಲಾನ್‌ಸ್ಕಿ 1978ರಲ್ಲಿ ಅಮೆರಿಕ ಬಿಟ್ಟು ಓಡಿಹೋದ ಪ್ರಕರಣದಲ್ಲಿ, ನೊಂದ ಮಹಿಳೆಯೇ 2017ರಲ್ಲಿ ನ್ಯಾಯಾಲಯಕ್ಕೆ ಬಂದು ಇದನ್ನು ಮುಗಿಸಿ ಎಂದು ಕೇಳಿಕೊಂಡರೂ ನ್ಯಾಯಾಧೀಶರು ಒಪ್ಪಲಿಲ್ಲ. ಆಕೆಗೆ ಬೇಕಾದದ್ದು ಸುದ್ದಿಯವರಿಂದ ಬಿಡುಗಡೆ, ಮತ್ತು ಓಡಿಹೋದವರು ಬಾರದೆ ಇದ್ದದ್ದರಿಂದಲೇ ಅದು ಆಕೆಗೆ ಸಿಗಲಿಲ್ಲ ಎಂಬುದು ನನಗೆ ಆ ಪ್ರಕರಣದಲ್ಲಿ ಕಂಡ ಮುಖ್ಯ ಮಾತು. ನೊಂದವರ ಮಾತಿಗೆ ಬೆಲೆಯಿಲ್ಲ ಎಂದು ಇದರರ್ಥವಲ್ಲ. ಜಾಮೀನಿನಿಂದ ಹಿಡಿದು ಪ್ರತಿ ಹಂತದಲ್ಲಿಯೂ ಅವರ ಮಾತನ್ನು ಕೇಳಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ; ಶಿಕ್ಷೆಯ ಜೊತೆಗೆ ಪರಿಹಾರ ಕೊಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಅದೆಲ್ಲ ಅಲ್ಲಿಯೇ, ನ್ಯಾಯಾಧೀಶರ ಎದುರಿಗೇ ಆಗಬೇಕು.

ಆದ್ದರಿಂದ ಈ ವಾರವೇ ನಕಲು ಅರ್ಜಿ ಹಾಕಿಸಿ. 2001ರ ತೀರ್ಪು, ಬೇರ್ಪಡಿಸಿದ ಪ್ರಕರಣದ ಆದೇಶಗಳು, ಉದ್ಘೋಷಣೆ, ಮರಣೋತ್ತರ ಪರೀಕ್ಷೆಯ ವರದಿ, ಶಾಲೆಯ ದಾಖಲೆ, ಇಷ್ಟು ಕೈಗೆ ಬಂದರೆ ಅನುಭವವಿರುವ ಯಾವ ಕ್ರಿಮಿನಲ್ ವಕೀಲರೂ ಒಂದು ಸಂಜೆಯಲ್ಲಿ ನಿಮ್ಮ ಮಾವನಿಗೆ ಅವರ ಸ್ಥಿತಿಯನ್ನು ಹೇಳಬಲ್ಲರು. ನ್ಯಾಯಾಲಯಕ್ಕೆ ಹೋಗುವ ಹಿಂದಿನ ವಾರ ಅವರು ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಂಡು ತಮ್ಮ ನಿಜವಾದ ಹೆಸರನ್ನೂ ನಡೆದದ್ದನ್ನೂ ತಾವೇ ಹೇಳಬೇಕು. ಶರಣಾದ ಮರುದಿನ ಅದು ಪತ್ರಿಕೆಯಲ್ಲಿ ಬಂದೇ ಬರುತ್ತದೆ.

ಅಂಗಡಿಯ ವಿಷಯ. ಆ ಮಗ 1996ರಲ್ಲಿ ಚಿಕ್ಕವರಿದ್ದಿರಬಹುದು, ಸಾಕ್ಷಿಗಳ ಪಟ್ಟಿಯಲ್ಲಿ ಅವರ ಹೆಸರು ಇಲ್ಲದಿರಬಹುದು. ಅವರ ತಾಯಿಯ ಹೆಸರು ಇರುವ ಸಾಧ್ಯತೆ ಹೆಚ್ಚು. ಮಾವ ಶರಣಾಗುವ ಮೊದಲು ನೀವು ಅಲ್ಲಿ ಈ ಮಾತನ್ನು ತೆಗೆದರೆ, ಕಣ್ಣೀರು ಹಾಕಿ ಕ್ಷಮೆ ಕೇಳಿದರೂ, ಸಾಕ್ಷಿಯ ಮೇಲೆ ಒತ್ತಡ ತಂದಿರೆಂದು ಮುಂದೆ ಯಾರಾದರೂ ಹೇಳಬಹುದು. ಹಣದ ಮಾತಂತೂ ಬೇಡವೇ ಬೇಡ. ಅಕ್ಕಿ ಕೊಳ್ಳುವುದನ್ನು ನಿಲ್ಲಿಸಬೇಕಾಗಿಲ್ಲ. ಹೋಗಿ, ಕೊಂಡು, ಬನ್ನಿ. ಮಾವ ಶರಣಾದ ದಿನದಿಂದ ನಿಮ್ಮನ್ನು ಒಳಗೆ ಕರೆಯಬೇಕೋ ಬಾರದೋ ಎಂಬುದು ಆ ಅಂಗಡಿಯವರಿಗೆ ಬಿಟ್ಟದ್ದು, ಮತ್ತು ಅವರು ಮಾತು ನಿಲ್ಲಿಸಿದರೆ ಅದನ್ನು ನೀವು ತಪ್ಪೆಂದು ತಿಳಿಯಬೇಡಿ.